465 ರೂಪಾಯಿಯ ಗ್ರೆನಡೀನ್ ಸಿರಪ್, ನಮ್ಮೂರ ಬ್ಲೂ ದ್ರಾಕ್ಷಿ, ಮತ್ತೆ ಮೂರು ಪದರದ ವೋಡ್ಕಾ

ಜನವರಿಯಲ್ಲಿ ಆನ್‌ಲೈನ್‌ನಲ್ಲಿ ಒಂದು ಗ್ರೆನಡೀನ್ ಸಿರಪ್ ತರಿಸಿದ್ದೆ, ಕಾಕ್‌ಟೇಲ್‌ಗೆ ಹಾಕುವ ಕೆಂಪು ಬಣ್ಣದ ಸಿಹಿ ಪಾಕ. 750 ಎಂಎಲ್ ಗಾಜಿನ ಬಾಟಲಿ, 465 ರೂಪಾಯಿ. ಈಗ ಜೂನ್. ಬಾಟಲಿ ಅರ್ಧಕ್ಕಿಂತ ಕೆಳಗೆ ಇಳಿದಿದೆ. ತಂದ ದಿನವೇ ಸ್ಟಾರ್ ಕೊಟ್ಟು ಬರೆಯೋದಕ್ಕಿಂತ ಬಳಸಿ ನೋಡಿ ಬರೆದರೆ ಉಪಯೋಗ ಅಂತ ಇಷ್ಟು ದಿನ ಕಾದೆ. ಬಣ್ಣಕ್ಕೆ, ಲೋಟದಲ್ಲಿ ಬೇರೆಯೇ ಪದರವಾಗಿ ನಿಲ್ಲುವುದಕ್ಕೆ ಐದಕ್ಕೆ ಐದು. ರುಚಿಗೆ ಒಂದೂವರೆ. ದ್ರಾಕ್ಷಿ ಸಿಗುವ ನಮ್ಮ ಚಿಕ್ಕಬಳ್ಳಾಪುರದಲ್ಲಿ ಇರುವವರು ಇದಕ್ಕೆ ದುಡ್ಡು ಕೊಡುವ ಅಗತ್ಯವೇ ಇಲ್ಲ ಅನ್ನೋದು ನನ್ನ ಅಭಿಪ್ರಾಯ.

ತರಿಸಿದ್ದು ಯಾಕೆ ಅಂದರೆ, ಸಂಕ್ರಾಂತಿಗೆ ಅಕ್ಕ ಭಾವ ಬೆಂಗಳೂರಿಂದ ಬರುವವರಿದ್ದರು. ಭಾವ ಒಂದು ಸಲ ಅಲ್ಲಿನ ಪಬ್ಬಿನಲ್ಲಿ ಕುಡಿದಿದ್ದ ಡ್ರಿಂಕ್‌ನ ಫೋಟೋ ಕಳಿಸಿದ್ದರು. ಕೆಳಗೆ ಕೆಂಪು, ಮೇಲೆ ಹೋದಂತೆ ಕಿತ್ತಳೆ, ನಂದಿ ಬೆಟ್ಟದಲ್ಲಿ ಸೂರ್ಯ ಹುಟ್ಟುವಾಗ ಆಕಾಶ ಇರುತ್ತದಲ್ವಾ, ಹಾಗೆ. ಅದರ ಮೂಲ ಟಕೀಲಾ ಸನ್‌ರೈಸ್, ಮೆಕ್ಸಿಕೋದ ಟಕೀಲಾ ಮದ್ಯ ಹಾಕಿ ಮಾಡುವ ಕಾಕ್‌ಟೇಲ್. ಕ್ಯಾಲಿಫೋರ್ನಿಯಾದ ಸಾಸಲಿಟೋದಲ್ಲಿ ಟ್ರೈಡೆಂಟ್ ಅನ್ನುವ ಬಾರಿನಲ್ಲಿ 1970ರ ದಶಕದ ಶುರುವಿನಲ್ಲಿ ಅದಕ್ಕೆ ಈಗಿನ ರೂಪ ಬಂತು. ಟಕೀಲಾ ಬದಲು ವೋಡ್ಕಾ ಹಾಕಿದರೆ ವೋಡ್ಕಾ ಸನ್‌ರೈಸ್. ಬೇಕಾಗಿರುವುದು ಮೂರೇ ಸಾಮಾನು: ವೋಡ್ಕಾ, ಕಿತ್ತಳೆ ಜ್ಯೂಸ್, ಗ್ರೆನಡೀನ್. ಮೊದಲ ಎರಡು ನಮ್ಮೂರ ಬಿ.ಬಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿದರೆ ಸಿಗುತ್ತವೆ. ಮೂರನೆಯದು ಸಿಗಲಿಲ್ಲ, ಅದಕ್ಕೇ ಆನ್‌ಲೈನ್.

ಪಾರ್ಸೆಲ್ ಬಂದಾಗ ಮುಚ್ಚಳದ ಸುತ್ತ ಅಂಟು ಅಂಟಾಗಿತ್ತು. ಒರೆಸಿ ಇಟ್ಟೆ. ಬೆಳಿಗ್ಗೆ ನೋಡಿದರೆ ಶೆಲ್ಫ್ ತುಂಬಾ ಇರುವೆ. ಮುಚ್ಚಳಕ್ಕೆ ಸುರಿಯುವ ಮೂತಿ ಇಲ್ಲ, ಪ್ರತಿ ಸಲ ಸುರಿದಾಗಲೂ ಎರಡು ಹನಿ ಬಾಟಲಿ ಮೈಮೇಲೆ ಇಳಿಯುತ್ತದೆ. 465 ರೂಪಾಯಿ ತೆಗೆದುಕೊಂಡ ಮೇಲೆ ಇಷ್ಟಾದರೂ ಸರಿಯಾಗಿ ಮಾಡಬೇಕಿತ್ತು.

ಗ್ರೆನಡೀನ್ ಅನ್ನೋ ಹೆಸರು ಬಂದಿದ್ದು ಫ್ರೆಂಚ್ ಭಾಷೆಯಲ್ಲಿ ದಾಳಿಂಬೆಗೆ ಇರುವ ಹೆಸರಿನಿಂದ. ಅಂದರೆ ಇದು ದಾಳಿಂಬೆ ರಸದ ಸಿರಪ್ ಆಗಿರಬೇಕು. ಈ ಬಾಟಲಿಯ ಮುಂದೆ ಎರಡು ದಾಳಿಂಬೆಯ ಚಿತ್ರ ದೊಡ್ಡದಾಗಿದೆ. ಹಿಂದೆ ತಿರುಗಿಸಿದರೆ ಸಣ್ಣ ಅಕ್ಷರದಲ್ಲಿ ಸಕ್ಕರೆ, ನೀರು, ಸಿಟ್ರಿಕ್ ಆಸಿಡ್, ಬಣ್ಣ ಐಎನ್‌ಎಸ್ 122, ಪ್ರಿಸರ್ವೇಟಿವ್ ಐಎನ್‌ಎಸ್ 211. ಕೊನೆಗೆ ಹಣ್ಣು ಇಲ್ಲ ಅಂತಲೂ ಬರೆದಿದೆ. ತರಿಸುವ ಮೊದಲು ಆ ಹಿಂದಿನ ಫೋಟೋ ನಾನು ನೋಡಿರಲಿಲ್ಲ. ನೀವು ಯಾವ ಬ್ರಾಂಡ್ ತೆಗೆದುಕೊಂಡರೂ ಮೊದಲು ಅದನ್ನು ನೋಡಿ.

ಸಂಕ್ರಾಂತಿ ಮರುದಿನ ಸಂಜೆ ಮಹಡಿ ಮೇಲೆ ಮಾಡಿದೆವು. ಪದರ ಮಾತ್ರ ಅದ್ಭುತವಾಗಿ ಬಂತು. ಜ್ಯೂಸಿನ ಮೇಲಿಂದ ಬಿಟ್ಟರೂ ಸೀದಾ ತಳಕ್ಕೆ ಇಳಿದು, ಒಂದು ಬೆರಳು ದಪ್ಪ ಕೆಂಪಾಗಿ ಕೂತಿತು. ಅಕ್ಕ ಫೋಟೋ ಮೇಲೆ ಫೋಟೋ ತೆಗೆದಳು. ಕುಡಿದ ಮೇಲೆ ಭಾವ ಲೋಟ ಕೆಳಗಿಟ್ಟು, “ನೋಡೋಕೆ ಅದೇ ಥರ ಇದೆ ಕಣಪ್ಪಾ, ಆದ್ರೆ ಚಿಕ್ಕ ವಯಸ್ಸಲ್ಲಿ ಕೆಮ್ಮಿಗೆ ಕೊಡ್ತಿದ್ದರಲ್ಲ ಔಷಧಿ, ಅದರ ರುಚಿ” ಅಂದರು. ನನಗೂ ಹಾಗೇ ಅನಿಸಿತ್ತು. ಹುಳಿ ಇಲ್ಲ, ಹಣ್ಣಿನ ವಾಸನೆ ಇಲ್ಲ, ಬರೀ ಸಿಹಿ. ನಾಲಿಗೆ ಮಾತ್ರ ಎಲ್ಲರದೂ ಕೆಂಪು.

ಪದರ ಯಾಕೆ ನಿಲ್ಲುತ್ತದೆ ಅಂತ ನೋಡಲು ಅಡುಗೆ ತಕ್ಕಡಿಯಲ್ಲಿ ಒಂದೊಂದನ್ನೂ 100 ಎಂಎಲ್ ಅಳೆದು ತೂಕ ಹಾಕಿದೆ. ಈ ಸಿರಪ್ 130 ಗ್ರಾಂ ಹತ್ತಿರ. ಕಿತ್ತಳೆ ಜ್ಯೂಸ್ 104. ವೋಡ್ಕಾ 95. ನೀರು 100 ಇರುತ್ತದೆ, ವೋಡ್ಕಾ ಅದಕ್ಕಿಂತ ಹಗುರ, ಯಾಕೆಂದರೆ ನಮ್ಮಲ್ಲಿ ಸಿಗುವ ಬಾಟಲಿಯಲ್ಲಿ 42.8 ಪರ್ಸೆಂಟ್ ಆಲ್ಕೋಹಾಲ್. ಸಕ್ಕರೆ ಜಾಸ್ತಿ ಇದ್ದದ್ದು ಕೆಳಗೆ, ಆಲ್ಕೋಹಾಲ್ ಮೇಲೆ, ಜ್ಯೂಸ್ ನಡುವೆ. ಅಷ್ಟೇ ಲೆಕ್ಕ. ಹಾಗಾದರೆ ಗ್ರೆನಡೀನ್ ಮಾಡುತ್ತಿದ್ದ ಕೆಲಸವನ್ನು ಗಟ್ಟಿ ಪಾಕ ಇರುವ ಯಾವ ಹಣ್ಣಿನ ರಸವಾದರೂ ಮಾಡಬೇಕು ಅಲ್ವಾ? ಇದು ತಲೆಗೆ ಬಂದ ಮೇಲೆ ದಾಳಿಂಬೆಯ ಯೋಚನೆಯೇ ಬಿಟ್ಟೆ. ಹೈವೇ ಪಕ್ಕದಲ್ಲಿ ರಾಶಿ ಹಾಕಿಕೊಂಡು ಮಾರುವ ದ್ರಾಕ್ಷಿ ಇದೆಯಲ್ಲ.

ನಮ್ಮ ಕಡೆ ಬ್ಲೂ ಅಂತ ಕರೆಯುವ ಬೆಂಗಳೂರು ಬ್ಲೂ ಎಲ್ಲರಿಗೂ ಗೊತ್ತಿರುವ ಹಣ್ಣು. ಇನ್ನೊಂದು ತಳಿ ದಿಲ್‌ಖುಷ್ ದ್ರಾಕ್ಷಿ ತಿನ್ನೋಕೆ ಚೆನ್ನ, ಬ್ಲೂ ಜ್ಯೂಸಿಗೆ ಚೆನ್ನ. ಬ್ಲೂ ಸಿಪ್ಪೆ ದಪ್ಪ, ಬೀಜ ಇರುತ್ತದೆ, ಹುಳಿಯೂ ಇರುತ್ತದೆ, ಅದಕ್ಕೇ ತಿನ್ನುವವರು ಕಡಿಮೆ. ಆದರೆ ಆ ವಾಸನೆ! ಒಂದು ಗೊಂಚಲು ಮನೆಯೊಳಗೆ ತಂದರೆ ಬಾಗಿಲಿಗೇ ಗೊತ್ತಾಗುತ್ತದೆ. 2013ರಲ್ಲಿ ಇದಕ್ಕೆ ಜಿಐ ಟ್ಯಾಗ್, ಅಂದರೆ ಇದು ಈ ಪ್ರದೇಶದ್ದೇ ಹಣ್ಣು ಅನ್ನುವ ಅಧಿಕೃತ ಗುರುತು, ಸಿಕ್ಕಿದೆ. ನಮ್ಮ ಹಣ್ಣಿಗೆ ಇಷ್ಟು ಹೆಸರಿದ್ದೂ ನಾನು ಹಣ್ಣೇ ಇಲ್ಲದ ಬಾಟಲಿಗೆ ದುಡ್ಡು ಕೊಟ್ಟೆನಲ್ಲ ಅಂತ ನಿಜವಾಗಿಯೂ ಬೇಜಾರಾಯಿತು.

ಫೆಬ್ರವರಿಯಲ್ಲಿ ಎರಡು ಕೆ.ಜಿ. ತಂದೆ, ಕೆ.ಜಿ.ಗೆ 60 ರೂಪಾಯಿ. ಮಾಡಿದ್ದು ಹೀಗೆ. ಒಂದೊಂದೇ ಹಣ್ಣು ಬಿಡಿಸಿ, ಉಪ್ಪು ನೀರಿನಲ್ಲಿ ಹದಿನೈದು ನಿಮಿಷ ಇಟ್ಟು, ಎರಡು ಸಲ ತೊಳೆದೆ. ಮಿಕ್ಸಿಗೆ ಮಾತ್ರ ಹಾಕಬೇಡಿ, ಬೀಜ ನುರಿದರೆ ರಸ ಒಗರಾಗುತ್ತದೆ. ದಪ್ಪ ತಳದ ಪಾತ್ರೆಗೆ ಹಾಕಿ ಕೈಯಲ್ಲೇ ಹಿಸುಕಿ, ನೀರು ಹಾಕದೆ ಸಣ್ಣ ಉರಿಯಲ್ಲಿ ಹತ್ತು ನಿಮಿಷ. ಹಿಸುಕುವಾಗ ಒಳಗಿನ ತಿರುಳು ಹಸಿರು, ರಸ ಬರೀ ತಿಳಿ ಗುಲಾಬಿ. ಇಷ್ಟೇನಾ ಬಣ್ಣ ಅನಿಸುತ್ತದೆ. ಬಿಸಿ ತಾಗಿ ಸಿಪ್ಪೆ ಮೆತ್ತಗಾದಾಗ ನೋಡಬೇಕು, ಸಿಪ್ಪೆಯ ಬಣ್ಣವೆಲ್ಲ ಬಿಟ್ಟು ಪಾತ್ರೆ ಪೂರ್ತಿ ನೇರಳೆ ಆಗುತ್ತದೆ. ಆರಿದ ಮೇಲೆ ತೆಳು ಪಂಚೆ ಬಟ್ಟೆಯಲ್ಲಿ ಸೋಸಿದೆ. ಬಟ್ಟೆ ಹಿಂಡಬೇಡಿ, ಗಂಟು ಕಟ್ಟಿ ನಲ್ಲಿಗೆ ನೇತುಹಾಕಿ ಬಿಡಿ. ಹಿಂಡಿದರೆ ಗಸಿ ಇಳಿದು ಸಿರಪ್ ಮಬ್ಬಾಗುತ್ತದೆ, ಲೋಟದಲ್ಲಿ ಬೆಳಕು ಹಾಯುವುದಿಲ್ಲ. ಒಂದು ಲೀಟರಿಗಿಂತ ಸ್ವಲ್ಪ ಜಾಸ್ತಿ ರಸ ಬಂತು. ತೂಕ ಹಾಕಿ ಅಷ್ಟೇ ತೂಕದ ಸಕ್ಕರೆ ಸೇರಿಸಿ, ಕರಗುವ ತನಕ ಬಿಸಿ ಮಾಡಿ, ಒಂದು ನಿಂಬೆಹಣ್ಣು ಹಿಂಡಿ ಇಳಿಸಿದೆ. ಜಾಸ್ತಿ ಕುದಿಸಿದರೆ ಜಾಮ್ ವಾಸನೆ ಬರುತ್ತದೆ. ಇದೂ 100 ಎಂಎಲ್‌ಗೆ 127 ಗ್ರಾಂ ತೂಗಿತು. ಅಂದರೆ ಬಾಟಲಿ ಸಿರಪ್ಪಿಗೂ ಇದಕ್ಕೂ ಮೂರೇ ಗ್ರಾಂ ವ್ಯತ್ಯಾಸ.

ಅಮ್ಮ ಇದನ್ನು ಸೋಡಾಕ್ಕೆ ಹಾಕಿಕೊಂಡು ಕುಡಿದರು. ಅವರಿಗೆ ವೋಡ್ಕಾ ಸಂಬಂಧ ಇಲ್ಲ, ಆದರೂ ಅರ್ಧ ಬಾಟಲಿ ಖಾಲಿ ಮಾಡಿದ್ದು ಅವರೇ. ಫ್ರಿಡ್ಜಿನಲ್ಲಿ ಒಂದು ತಿಂಗಳು ಇಟ್ಟುಕೊಂಡೆ, ಉಳಿದಿದ್ದನ್ನು ಫ್ರೀಜರಿನಲ್ಲಿ ಇಟ್ಟು ಮೇ ತನಕ ಓಡಿಸಿದೆ.

ಈಗ ಸುರಿಯುವ ವಿಷಯ. ಎತ್ತರದ, ಸಪೂರ ಗಾಜಿನ ಲೋಟ ಬೇಕು. ಅಗಲದ ಲೋಟದಲ್ಲಿ ಪದರ ತೆಳುವಾಗಿ ಹರಡಿಕೊಳ್ಳುತ್ತದೆ. ನನ್ನದು 300 ಎಂಎಲ್ ಲೋಟ. ಮೊದಲು ಸಿರಪ್ 20 ಎಂಎಲ್ ತಳಕ್ಕೆ, ಲೋಟದ ಗೋಡೆಗೆ ತಾಗದ ಹಾಗೆ. ಆಮೇಲೆ ಐಸ್, ಲೋಟದ ಕಂಠದ ತನಕ. ಐಸ್ ಕಡಿಮೆ ಮಾಡಬೇಡಿ, ಜ್ಯೂಸ್ ಬೀಳುವ ರಭಸವನ್ನು ತಡೆಯುವುದು ಅದೇ. ಆಮೇಲೆ ಚಮಚ ಬೋರಲು ಹಿಡಿದು, ಅದರ ತುದಿ ಐಸಿಗೆ ತಾಗಿಸಿ, ಚಮಚದ ಬೆನ್ನ ಮೇಲೆ 120 ಎಂಎಲ್ ಜ್ಯೂಸ್ ಸಣ್ಣ ಧಾರೆಯಲ್ಲಿ ಬಿಡಿ. ಕೊನೆಗೆ ಅದೇ ರೀತಿ ವೋಡ್ಕಾ 45 ಎಂಎಲ್, ಇನ್ನೂ ನಿಧಾನವಾಗಿ. ಜ್ಯೂಸ್ ಮತ್ತೆ ವೋಡ್ಕಾ ತೂಕದಲ್ಲಿ ಅಂತರ ಕಡಿಮೆ, ಅದಕ್ಕೇ ಕೈ ಸ್ವಲ್ಪ ಜೋರಾದರೂ ಮೇಲಿನ ಪದರ ಕಲಸಿಹೋಗುತ್ತದೆ. ನನಗೆ ಮೂರು ಲೋಟ ಕೆಟ್ಟ ಮೇಲೆ ನಾಲ್ಕನೆಯದು ಸರಿ ಬಂತು. ಜ್ಯೂಸ್, ವೋಡ್ಕಾ ಎರಡನ್ನೂ ಮೊದಲೇ ಫ್ರಿಡ್ಜಿನಲ್ಲಿ ಇಟ್ಟಿರಿ, ಇಲ್ಲದಿದ್ದರೆ ಐಸ್ ಕರಗಿ ಪದರದ ಗೆರೆ ಅಳಿಸಿಹೋಗುತ್ತದೆ.

ಜ್ಯೂಸಿಗೆ ನಾಗಪುರ ಕಿತ್ತಳೆ ಸಿಕ್ಕರೆ ಅದೇ ಮೊದಲು. ಸೀಸನ್ ಮುಗಿದ ಮೇಲೆ ಮೂಸಂಬಿ. ಮೂಸಂಬಿ ಹಿಂಡಿ ಇಟ್ಟರೆ ಕಹಿ ಬರುತ್ತದೆ, ಆಗಲೇ ಹಿಂಡಿ ಆಗಲೇ ಸುರಿಯಬೇಕು. ಜ್ಯೂಸ್ ಅಂಗಡಿಯಿಂದ ತರುವುದಾದರೆ ಐಸ್, ಸಕ್ಕರೆ ಎರಡೂ ಬೇಡ ಅಂತ ಹೇಳಿ ತನ್ನಿ. ಪ್ಯಾಕೆಟ್ ಜ್ಯೂಸಿನಲ್ಲೂ ಪದರ ನಿಲ್ಲುತ್ತದೆ, ಆದರೆ ಕೆಳಗೂ ಸಿಹಿ ನಡುವೆಯೂ ಸಿಹಿ ಆಗಿ ಅರ್ಧ ಲೋಟಕ್ಕೇ ಸಾಕಾಗುತ್ತದೆ. ಜ್ಯೂಸ್ ಯಾವುದಾದರೂ ಸರಿ, ಟೀ ಸೋಸುವ ಜಾಲರಿಯಲ್ಲಿ ಒಮ್ಮೆ ಸೋಸಿ.

ವೋಡ್ಕಾ ನಾನು ಬಳಸಿದ್ದು ಪ್ಲೇನ್ ಮ್ಯಾಜಿಕ್ ಮೊಮೆಂಟ್ಸ್. ಫ್ಲೇವರ್ ಇರುವುದು ಬೇಡ, ಹಣ್ಣಿನ ವಾಸನೆ ಮುಚ್ಚಿಹೋಗುತ್ತದೆ. ಒಂದು ತೊಂದರೆ ಏನೆಂದರೆ, ವೋಡ್ಕಾಗೆ ಬಣ್ಣ ಇಲ್ಲ. ಮೇಲಿನ ಪದರ ಇದೆ ಅಂತ ಕುಡಿಯುವವರಿಗೆ ಗೊತ್ತೇ ಆಗುವುದಿಲ್ಲ. ಇದಕ್ಕೆ ದಾರಿ ಸಿಕ್ಕಿದ್ದು ನಮ್ಮ ಕಾಂಪೌಂಡಿನಲ್ಲಿ. ಅಮ್ಮ ದಿನಾ ಪೂಜೆಗೆ ಕೀಳುವ ನೀಲಿ ಶಂಖಪುಷ್ಪ ಇದೆಯಲ್ಲ, ಅದರ ಏಳೆಂಟು ಎಸಳನ್ನು ತೊಳೆದು ಒಣಗಿಸಿ ಒಂದು ಸಣ್ಣ ಗ್ಲಾಸ್ ವೋಡ್ಕಾದಲ್ಲಿ ಹಾಕಿಟ್ಟೆ. ಎಸಳು ಬಿಳಿಚಿಕೊಂಡು ವೋಡ್ಕಾ ಇಂಕಿನ ಹಾಗೆ ನೀಲಿ ಆಯಿತು. ರುಚಿ ಬದಲಾಗಲಿಲ್ಲ. ಅದನ್ನು ಮೇಲೆ ಬಿಟ್ಟರೆ ಕೆಳಗೆ ನೇರಳೆ, ನಡುವೆ ಹಳದಿ, ಮೇಲೆ ನೀಲಿ. ಹುಳಿ ತಾಗಿದ ಕಡೆ ಆ ನೀಲಿ ತಿರುಗುತ್ತದೆ, ಜ್ಯೂಸ್ ಮುಟ್ಟುವ ಗೆರೆಯಲ್ಲಿ ತೆಳುವಾಗಿ ನೇರಳೆ ಬಣ್ಣ ಕಟ್ಟಿಕೊಳ್ಳುತ್ತದೆ. ಯಾವ ಡಬ್ಬಿಯ ಬಣ್ಣವೂ ಇಲ್ಲದೆ ಇಷ್ಟು ಬಂದಿದ್ದು ನೋಡಿ ನನಗೆ ತುಂಬಾ ಖುಷಿಯಾಯಿತು.

ಕುಡಿಯುವ ಮೊದಲು ಕಲಸಲೇಬೇಕು. ಹಾಗೇ ಬಾಯಿಗಿಟ್ಟರೆ ಮೊದಲ ಗುಟುಕು ಬರೀ ವೋಡ್ಕಾ, ಗಂಟಲು ಉರಿಯುತ್ತದೆ. ಸ್ಟ್ರಾ ಹಾಕಿದರೆ ಮೊದಲು ಬರೀ ಪಾಕ, ಕೊನೆಗೆ ಬರೀ ವೋಡ್ಕಾ. ಫೋಟೋ ತೆಗೆದುಕೊಳ್ಳಿ, ಆಮೇಲೆ ಉದ್ದ ಚಮಚದಲ್ಲಿ ತಳದಿಂದ ಎತ್ತಿ ತಿರುಗಿಸಿ. ಇನ್ನೊಂದು ಮಾತು. ಸಿಹಿ ಇರುವುದರಿಂದ ಒಳಗೆ ಎಷ್ಟು ಹೋಯಿತು ಅಂತ ಗೊತ್ತಾಗುವುದಿಲ್ಲ. 45 ಎಂಎಲ್ ಅಂದರೆ ಒಂದೂವರೆ ಪೆಗ್. ಅಂದಾಜಲ್ಲಿ ಸುರಿಯಬೇಡಿ, ಪೆಗ್ ಮೆಷರ್ ಇಟ್ಟುಕೊಳ್ಳಿ. ನಮ್ಮಲ್ಲಿ ಒಬ್ಬರಿಗೆ ಎರಡು ಲೋಟಕ್ಕೆ ನಿಲ್ಲಿಸುತ್ತೇವೆ, ಬಂದವರು ರಾತ್ರಿ ಇಲ್ಲೇ ಉಳಿಯುತ್ತಾರೆ. 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಗಾಡಿ ಓಡಿಸುವುದು ಅಪರಾಧ. ಕೇಸ್ ಒಂದು ಕಡೆ ಇರಲಿ, ರಾತ್ರಿ ಹೈವೇಯಲ್ಲಿ ಲಾರಿಗಳು ಹೇಗೆ ಹೋಗುತ್ತವೆ ಅಂತ ಇಲ್ಲಿನವರಿಗೆ ಹೇಳಬೇಕಾಗಿಲ್ಲ.

ಬಾಟಲಿ ವಿಷಯಕ್ಕೆ ಬಂದರೆ, ದ್ರಾಕ್ಷಿ ಸಿಗದ ಊರಿನಲ್ಲಿದ್ದು, ಒಂದೇ ಸಂಜೆಗೆ ಬೇಕು, ಫೋಟೋ ಚೆನ್ನಾಗಿ ಬಂದರೆ ಸಾಕು ಅನ್ನುವವರು ತೆಗೆದುಕೊಳ್ಳಿ. ಸಣ್ಣ ಬಾಟಲಿ ಸಿಕ್ಕರೆ ಸಾಕು, 750 ಎಂಎಲ್ ಮುಗಿಯುವುದಿಲ್ಲ. 20 ಎಂಎಲ್ ಬದಲು 10 ಹಾಕಿ, ಜ್ಯೂಸಿಗೆ ಅರ್ಧ ನಿಂಬೆ ಹಿಂಡಿದರೆ ಆ ಔಷಧಿ ರುಚಿ ಸ್ವಲ್ಪ ಇಳಿಯುತ್ತದೆ. ಉಳಿದವರಿಗೆ ನನ್ನ ಸಲಹೆ ದ್ರಾಕ್ಷಿಯೇ. ಎರಡು ಕೆ.ಜಿ. ಹಣ್ಣು, ಸಕ್ಕರೆ, ಗ್ಯಾಸ್ ಎಲ್ಲಾ ಸೇರಿ 200 ರೂಪಾಯಿ ದಾಟಲಿಲ್ಲ, ಸಿರಪ್ ಬಂದಿದ್ದು ಬಾಟಲಿಗಿಂತ ಎರಡು ಪಟ್ಟು.

ಮೇ ಕೊನೆಯಲ್ಲಿ ಭಾವ ಮತ್ತೆ ಬಂದಿದ್ದರು. ಬರುವಾಗ ಶ್ರೀನಿವಾಸಪುರದ ಬಾದಾಮಿ ಮಾವು ಒಂದು ಬಾಕ್ಸ್ ತಂದಿದ್ದರು. ಫ್ರೀಜರಿನಲ್ಲಿ ದ್ರಾಕ್ಷಿ ಸಿರಪ್ ಕೊನೆಯ ಒಂದು ಲೋಟದಷ್ಟು ಇತ್ತು. ಕಿತ್ತಳೆ ಬದಲು ಮಾವಿನ ರಸ ಹಾಕಿ ನೋಡಿದೆವು. ಎರಡು ಹಣ್ಣಿನ ತಿರುಳಿಗೆ ಅರ್ಧ ಲೋಟ ತಣ್ಣೀರು, ಮಿಕ್ಸಿ, ಜಾಲರಿಯಲ್ಲಿ ಸೋಸಿದ್ದು. ಮಾವು ಗಟ್ಟಿ ಇರುವುದರಿಂದ ಪದರ ಕಿತ್ತಳೆಗಿಂತಲೂ ಚೆನ್ನಾಗಿ ನಿಂತಿತು, ಅದರ ಮೇಲೆ ವೋಡ್ಕಾ ಗೆರೆ ಎಳೆದ ಹಾಗೆ ಕೂತಿತು. ಬಾದಾಮಿಯ ಸಿಹಿಗೆ ಬ್ಲೂ ದ್ರಾಕ್ಷಿಯ ಹುಳಿ ಸೇರಿದ ಆ ರುಚಿಯನ್ನು ಪಬ್ಬಿನಲ್ಲಿ ಕೇಳಿದರೂ ಕೊಡುವುದಿಲ್ಲ. ಭಾವ ಈ ಸಲ ಔಷಧಿ ಮಾತು ಎತ್ತಲಿಲ್ಲ. “ಮುಂದಿನ ಸಲ ದ್ರಾಕ್ಷಿ ಬಂದಾಗ ನನಗೂ ಎರಡು ಬಾಟಲಿ ಮಾಡಿಡಪ್ಪಾ, ಸಕ್ಕರೆ ನಾನು ತರ್ತೀನಿ” ಅಂದರು.