ಹುರಿಯುವ ಯಂತ್ರಕ್ಕೆ ಲೀಸೋ, ಕಂತು ಖರೀದಿಯೋ, ಬ್ಯಾಂಕ್ ಸಾಲವೋ?

ಚಿಕ್ಕಮಗಳೂರಿನ ನಮ್ಮ ಕಾಫಿ ಪುಡಿ ಅಂಗಡಿಗೆ ಮೊದಲ ಹುರಿಯುವ ಯಂತ್ರ ಬಂದದ್ದು ಲೀಸ್‌ನಲ್ಲಿ, ಬೀಸುವ ಯಂತ್ರ ಕಂತು ಖರೀದಿಯಲ್ಲಿ, ಈಗಿರುವ ದೊಡ್ಡ ಹುರಿಯುವ ಯಂತ್ರ ಬ್ಯಾಂಕ್ ಸಾಲದಲ್ಲಿ. ಮೂರರಲ್ಲಿ ನೆಮ್ಮದಿ ಕೊಟ್ಟದ್ದು ಸಾಲವೇ. ಎಲ್ಲರೂ ಬಡ್ಡಿ ಎಷ್ಟು ಎಂದು ಕೇಳುತ್ತಾರೆ. ಯಂತ್ರದ ಮಾಲೀಕ ಯಾರು ಎಂದು ಮೊದಲು ಕೇಳಬೇಕು.

ಸಾಲದಲ್ಲಿ ಮಾಲೀಕ ನಾನು. ಬ್ಯಾಂಕಿಗೆ ಇರುವುದು ಹೈಪಾಥಿಕೇಶನ್ ಹಕ್ಕು: ಯಂತ್ರ ನನ್ನ ಸ್ವಾಧೀನದಲ್ಲೇ ಇರುತ್ತದೆ, ಸಾಲ ತೀರುವವರೆಗೆ ಒಪ್ಪಿಗೆಯಿಲ್ಲದೆ ಮಾರುವಂತಿಲ್ಲ. ಆದಾಯ ತೆರಿಗೆಯಲ್ಲಿ ವರ್ಷಕ್ಕೆ ಶೇ 15ರ ಸವಕಳಿ, ಅಂದರೆ ಯಂತ್ರದ ಮೌಲ್ಯ ಇಳಿದಷ್ಟಕ್ಕೆ ಸಿಗುವ ಕಡಿತ, ನನ್ನ ಲೆಕ್ಕಕ್ಕೇ ಬರುತ್ತದೆ. ಬಡ್ಡಿಗೆ ಜಿಎಸ್‌ಟಿ ಇಲ್ಲ, ಲೀಸ್ ಬಾಡಿಗೆಗೆ ಪ್ರತಿ ತಿಂಗಳೂ ಇದೆ.

ಕಂತು ಖರೀದಿಯಲ್ಲಿ ಕೊನೆಯ ಕಂತು ತೀರುವವರೆಗೆ ಯಂತ್ರ ಕೊಟ್ಟ ಕಂಪನಿಯೇ ಮಾಲೀಕ. ಇದಕ್ಕೆಂದೇ 1972ರಲ್ಲಿ ಮಾಡಿದ ಕಾಯ್ದೆ ಜಾರಿಗೇ ಬಾರದೆ 2005ರಲ್ಲಿ ರದ್ದಾಯಿತು. ಹಾಗಾಗಿ 1872ರ ಕರಾರು ಕಾಯ್ದೆ ಮತ್ತು ನಾವು ಸಹಿ ಹಾಕಿದ ಕಾಗದವೇ ಆಧಾರ. ಕಂತು ತಪ್ಪಿದರೆ ಕರಾರಿನಂತೆ ಸ್ವಾಧೀನಕ್ಕೆ ಪಡೆಯಬಹುದೆಂದು ಸುಪ್ರೀಂ ಕೋರ್ಟ್ 2020ರಲ್ಲಿ ವಾಹನ ಪ್ರಕರಣವೊಂದರಲ್ಲಿ ಹೇಳಿದೆ. ವಸೂಲಿಗೆ ಗೂಂಡಾಗಳನ್ನು ಬಳಸುವಂತಿಲ್ಲವೆಂದು 2007ರಲ್ಲೇ ಹೇಳಿತ್ತು. ನಮ್ಮ ಕಂತುಗಳು ತಕರಾರಿಲ್ಲದೆ ಮುಗಿದವು.

ಲೀಸ್ ಮಾತ್ರ ಕೊನೆಯಲ್ಲಿ ಕಾಡಿತು. ಅವಧಿಯುದ್ದಕ್ಕೂ ರಿಪೇರಿ, ವಿಮೆ ಎರಡೂ ನನ್ನ ಖರ್ಚೇ. ಮೋಟಾರ್ ಸುಟ್ಟು ಯಂತ್ರ ನಿಂತಾಗಲೂ ಬಾಡಿಗೆ ಕಟ್ಟಬೇಕಿತ್ತು, ಏಕೆಂದರೆ ಯಂತ್ರ ಕೆಟ್ಟರೂ ಬಾಡಿಗೆ ತಡೆಯುವಂತಿಲ್ಲ ಎಂದು ಕರಾರಿನಲ್ಲಿತ್ತು. ಇಷ್ಟನ್ನೂ ಸಹಿಸಿಕೊಂಡೆ. ಅವಧಿ ಮುಗಿಯುವ ಮೂರು ತಿಂಗಳ ಮುಂಚೆ ಲಿಖಿತ ನೋಟಿಸ್ ಕೊಡದಿದ್ದರೆ ಲೀಸ್ ತಾನಾಗಿ ಮುಂದುವರಿಯುತ್ತದೆ ಎಂಬ ಷರತ್ತಿತ್ತು. ನೋಟಿಸನ್ನು ರಿಜಿಸ್ಟರ್ಡ್ ಅಂಚೆಯಲ್ಲೇ ಕಳುಹಿಸಿದೆ.

ಆಗ ತೊಡಕು ಶುರುವಾಯಿತು. ಯಂತ್ರವನ್ನು ಬಿಚ್ಚಿ, ಪ್ಯಾಕ್ ಮಾಡಿಸಿ, ನನ್ನ ಖರ್ಚಿನಲ್ಲೇ ಬೆಂಗಳೂರಿನ ಗೋದಾಮಿಗೆ ಮುಟ್ಟಿಸಬೇಕು. ‘ಸಾಧಾರಣ ಸವೆತ’ಕ್ಕೆ ದಂಡವಿಲ್ಲ ಎಂದು ಬರೆದಿತ್ತು, ಆದರೆ ಯಾವುದು ಸಾಧಾರಣ ಎಂದು ನಿರ್ಧರಿಸುವವನು ಲೀಸ್ ಕಂಪನಿಯವರದೇ ತಂತ್ರಜ್ಞ. ದಿನವೂ ಬೀಜ ಹುರಿದ ಡ್ರಮ್ಮಿನ ಒಳಮೈ ಕಪ್ಪಾಗದೆ ಇರುತ್ತದೆಯೇ? ಅದಕ್ಕೂ ಬಿಲ್ ಹಾಕಿದರು. ನಾನೇ ಕೊಂಡುಕೊಳ್ಳುತ್ತೇನೆ ಎಂದರೆ ತಮಗೆ ತೋಚಿದ ಬೆಲೆ ಹೇಳಿದರು. ಲೀಸ್ ಕೊಡುವುದು ಬಳಸುವ ಹಕ್ಕನ್ನು ಮಾತ್ರ. ಕೊಳ್ಳುವ ಹಕ್ಕು ಬೇಕಿದ್ದರೆ ಅದನ್ನು ಪ್ರತ್ಯೇಕವಾಗಿ ಬರೆಸಿಕೊಂಡಿರಬೇಕು. ವರ್ಷಗಟ್ಟಲೆ ಬಾಡಿಗೆ ಕಟ್ಟಿ, ರಿಪೇರಿ ಮಾಡಿಸಿ, ಕೊನೆಗೆ ಬರಿಗೈಯಾಗುವುದು ನನಗೆ ಒಗ್ಗುವ ವ್ಯವಹಾರವಲ್ಲ.

ನಾನು ಒಂದು ಯಂತ್ರವನ್ನು ಸವೆಯುವವರೆಗೂ ದುಡಿಸುವವನು. ಬ್ಯಾಂಕ್ ಕೇಳಿದ ಮುಂಗಡ ಚೀಟಿ ಹಣದಲ್ಲಿ ಹೊಂದಿತು. ಮುಂಗಡಕ್ಕೆ ಹಣವಿಲ್ಲದವರಿಗೆ, ಎರಡು ಮೂರು ವರ್ಷಕ್ಕೊಮ್ಮೆ ಹೊಸ ಮಾದರಿ ಬೇಕೆನ್ನುವವರಿಗೆ ಲೀಸ್ ಸರಿಹೋಗಬಹುದು. ಆದರೆ ವಾಪಸಾತಿ ಸಾಗಣೆ ಯಾರ ಖರ್ಚು, ಸವೆತ ನೋಡುವವರು ಯಾರು, ಕೊಳ್ಳುವುದಾದರೆ ಬೆಲೆ ಎಷ್ಟು ಎಂಬ ಮೂರನ್ನೂ ಸಹಿಗೆ ಮುಂಚೆ ಕರಾರಿನಲ್ಲೇ ಬರೆಸಿಕೊಳ್ಳಿ.