ಸೂಪರ್ 8ಕ್ಕೆ ಎಕ್ಟಾಕ್ರೋಮ್ 100ಡಿಯೋ, ವಿಷನ್3 50ಡಿಯೋ?

ಸೂಪರ್ 8 ಎಂದರೆ 8 ಮಿ.ಮೀ. ಅಗಲದ ಸಿನಿಮಾ ಫಿಲ್ಮ್. ಈ ಎರಡೂ ಕೊಡ್ಯಾಕ್‌ನವೇ, ಎರಡೂ ಹಗಲು ಬೆಳಕಿನ ಫಿಲ್ಮೇ. ಆದರೆ ಎಕ್ಟಾಕ್ರೋಮ್ ರಿವರ್ಸಲ್: ತೊಳೆದು ಬಂದ ರೀಲನ್ನು ಕಿಟಕಿಗೆ ಹಿಡಿದರೆ ಪುಟ್ಟ ಚೌಕಗಳಲ್ಲಿ ಆಕಾಶ ನೀಲಿಯಾಗಿಯೇ ಕಾಣುತ್ತದೆ, ನೇರ ಪ್ರೊಜೆಕ್ಟರ್‌ಗೆ ಹಾಕಬಹುದು. 50ಡಿ ನೆಗೆಟಿವ್, ಕಿತ್ತಳೆ ಛಾಯೆಯದು. ಸ್ಕ್ಯಾನ್ ಮಾಡಿ ಬಣ್ಣ ತಿದ್ದುವವರೆಗೆ ಅದರಲ್ಲಿ ನೋಡಲು ಏನೂ ಇಲ್ಲ.

ಎಕ್ಟಾಕ್ರೋಮ್‌ನ ಸೊಗಸು ಗಾಢ ನೀಲಿ, ತುಂಬಿದ ಕೆಂಪು, ಗಟ್ಟಿ ಕಪ್ಪು. ಅದಕ್ಕೆ ತೆರುವ ಬೆಲೆ ಎಕ್ಸ್‌ಪೋಶರ್‌ನಲ್ಲಿ, ಅಂದರೆ ಫಿಲ್ಮಿಗೆ ಬೀಳುವ ಬೆಳಕಿನ ಅಳತೆಯಲ್ಲಿ (ಒಂದು ಸ್ಟಾಪ್ ಹೆಚ್ಚೆಂದರೆ ಬೆಳಕು ಎರಡು ಪಟ್ಟು). ಅರ್ಧ ಸ್ಟಾಪ್ ಹೆಚ್ಚಾದರೂ ಬಿಳಿ ಅಂಗಿಯ ಮಡಿಕೆಗಳು ಅಳಿಸಿಹೋಗುತ್ತವೆ. ಅಲ್ಲಿ ಬಣ್ಣವೇ ಉಳಿದಿರುವುದಿಲ್ಲ, ಸ್ಕ್ಯಾನರ್ ಎಷ್ಟೇ ದುಬಾರಿಯಾದರೂ ಅದನ್ನು ತರಲಾರದು. ಹಾಗಾಗಿ ಮುಖ್ಯವಾದ ಬೆಳಕಿನ ಭಾಗವನ್ನೇ ಅಳೆದು, ನೆರಳು ಕಪ್ಪಾದರೆ ಆಗಲಿ ಎಂದು ಬಿಡಬೇಕು. ನಡು ಮಧ್ಯಾಹ್ನದ ಬಿಸಿಲಿಗಿಂತ ಇಳಿಹೊತ್ತಿನ ಓರೆ ಬೆಳಕು ಇದಕ್ಕೆ ಒಗ್ಗುತ್ತದೆ. 50ಡಿ ಮಾತ್ರ ಎರಡು ಸ್ಟಾಪ್ ಹೆಚ್ಚಾದರೂ ಸಹಿಸಿಕೊಳ್ಳುತ್ತದೆ, ಚಿತ್ರದಲ್ಲಿ ಕಾಣುವ ಕಾಳೂ (ಗ್ರೇನ್) ಸಣ್ಣ.

ಹಳೆಯ ಕ್ಯಾಮೆರಾಗಳಲ್ಲಿ ಒಳಗೇ ಇರುವ 85 ಫಿಲ್ಟರ್ (ಬಲ್ಬ್ ಬೆಳಕಿನ ಫಿಲ್ಮನ್ನು ಹಗಲಲ್ಲಿ ಬಳಸಲು ಇಟ್ಟ ಕಿತ್ತಳೆ ಗಾಜು) ತೆಗೆಯಲು ಮರೆಯಬೇಡಿ. ಫಿಲ್ಟರ್ ಸ್ವಿಚ್ಚನ್ನು ಬಲ್ಬ್ ಚಿಹ್ನೆಗೆ ತಿರುಗಿಸಿ. ಮರೆತರೆ ನೆಗೆಟಿವ್ ಅನ್ನು ತಿದ್ದಬಹುದು, ರಿವರ್ಸಲ್ ಕಿತ್ತಳೆಯಾಗಿಯೇ ಉಳಿಯುತ್ತದೆ.

ಒಂದು ಕಾರ್ಟ್ರಿಜ್ 50 ಅಡಿ: ಸೆಕೆಂಡಿಗೆ 18 ಫ್ರೇಮಾದರೆ 3 ನಿಮಿಷ 20 ಸೆಕೆಂಡು, 24ಕ್ಕೆ ಎರಡೂವರೆ ನಿಮಿಷ. ತೊಳೆಯುವ ರಾಸಾಯನಿಕ ವಿಧಾನ ಎಕ್ಟಾಕ್ರೋಮ್‌ಗೆ ಇ-6, 50ಡಿಗೆ ಇಸಿಎನ್-2. ಲ್ಯಾಬ್‌ಗೆ ಮೊದಲೇ ಕೇಳಿಕೊಳ್ಳಿ. ಪ್ರೊಜೆಕ್ಟರ್ ಇದ್ದರೆ ಎಕ್ಟಾಕ್ರೋಮ್. ಮದುವೆ ಮನೆಯಂಥ, ಮತ್ತೊಮ್ಮೆ ತೆಗೆಯಲಾಗದ ಸಂದರ್ಭಕ್ಕೆ ನೆಗೆಟಿವ್ವೇ ಸರಿ.