ಶಿರಸಿಯ ಛಾಯಾಗ್ರಹಣ ಶಿಬಿರ: ಹೊಳೆಯ ದಂಡೆಗೆ ಪೂರ್ತಿ ಅಂಕ, ತರಗತಿಗೆ ಅರ್ಧ

ಕಳೆದ ನವೆಂಬರ್‌ನಲ್ಲಿ ಶಿರಸಿಯಲ್ಲಿ ನಡೆದ ಛಾಯಾಗ್ರಹಣ ಶಿಬಿರವೊಂದಕ್ಕೆ ಹಣ ಕಟ್ಟಿ ಸೇರಿದ್ದೆ. ನಾಲ್ಕು ವಾರಾಂತ್ಯಗಳ ಈ ಶಿಬಿರದಲ್ಲಿ ಎರಡು ದಿನ ತರಗತಿ, ಮೂರು ಹೊರಸಂಚಾರ ಮತ್ತು ಕೊನೆಯಲ್ಲೊಂದು ಚಿತ್ರವಿಮರ್ಶೆ ಇದ್ದವು. ಶುಲ್ಕ 4,500 ರೂಪಾಯಿ. ಊಟ ಅದರಲ್ಲಿಯೇ ಸೇರಿತ್ತು, ಪ್ರಯಾಣದ ಖರ್ಚು ಬೇರೆ.

ತರಗತಿಯ ಬಗ್ಗೆ ಹೆಚ್ಚು ಹೇಳುವಂಥದ್ದೇನೂ ಇಲ್ಲ. ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ), ಶಟರ್ ವೇಗ (ಬೆಳಕು ಬೀಳುವ ಅವಧಿ), ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಈ ಮೂರರ ಸಂಬಂಧವನ್ನು ಪರದೆಯ ಮೇಲೆ ತೋರಿಸುತ್ತ ಎರಡು ದಿನ ಕಳೆದರು. ಕ್ಯಾಮೆರಾದ ಜೊತೆ ಬರುವ ಕೈಪಿಡಿಯನ್ನು ಓದಿದವರಿಗೆ ಅದರಲ್ಲಿ ಹೊಸದು ಸಿಗುವುದು ಕಡಿಮೆ. ಮಲೆನಾಡಿನ ಮಳೆಗಾಲದಲ್ಲಿ ಲೆನ್ಸಿಗೆ ಹಿಡಿಯುವ ಬೂಷ್ಟಿನ ವಿಷಯಕ್ಕೆ ಮಾತ್ರ ಐದೇ ನಿಮಿಷ ಸಿಕ್ಕಿತು. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆಗೆ ಪುಟ್ಟದೊಂದು ತೇವಮಾಪಕವನ್ನೂ ಇಟ್ಟು, ಒಳಗಿನ ತೇವಾಂಶ ಶೇ 40ರಿಂದ 50ರ ಆಸುಪಾಸಿನಲ್ಲಿ ಉಳಿಯುವಂತೆ ನೋಡಿಕೊಳ್ಳಬೇಕು ಎಂದು ಹೇಳಿ ಮುಂದೆ ಹೋದರು. ಜೂನ್‌ನಲ್ಲಿ ಚೀಲದೊಳಗೆ ಇಟ್ಟ ಲೆನ್ಸನ್ನು ಸೆಪ್ಟೆಂಬರ್‌ನಲ್ಲಿ ತೆಗೆದಾಗ ಒಳಗಾಜಿನ ಮೇಲೆ ಜೇಡರ ಬಲೆಯಂತಹ ಎಳೆಗಳನ್ನು ಕಂಡ ನನ್ನಂಥವರಿಗೆ ಇಷ್ಟು ಸಾಲದು.

ಶಿಬಿರದ ನಿಜವಾದ ಪಾಠ ಆರಂಭವಾದದ್ದು ಶಾಲ್ಮಲಾ ಹೊಳೆಯ ಸಹಸ್ರಲಿಂಗದಲ್ಲಿ. ಮಳೆ ನಿಂತು ನೀರು ಇಳಿದ ಮೇಲೆ ಹೊಳೆಯ ಬಂಡೆಗಳಲ್ಲಿ ಕೆತ್ತಿದ ಲಿಂಗಗಳೂ ನಂದಿಗಳೂ ಒಂದೊಂದಾಗಿ ಹೊರಗೆ ಕಾಣಿಸಿಕೊಳ್ಳುತ್ತವೆ. ಅಲ್ಲಿಗೆ ತಲುಪಿದ ಕೂಡಲೇ ಶಿಕ್ಷಕರು ಎಲ್ಲರ 18–55 ಮಿಲಿಮೀಟರ್ ಜೂಮ್ ಲೆನ್ಸನ್ನೂ 35 ಮಿಲಿಮೀಟರಿಗೆ ತಿರುಗಿಸಿ, ಅದು ಅಲುಗಾಡದಂತೆ ಗಮ್‌ಟೇಪ್ ಸುತ್ತಿಬಿಟ್ಟರು. ಇನ್ನು ಹತ್ತಿರ ಬೇಕೆಂದರೆ ನೀರಿಗಿಳಿಯಬೇಕು, ದೂರ ಬೇಕೆಂದರೆ ಹಿಂದಿನ ಬಂಡೆ ಹತ್ತಬೇಕು. ಒದ್ದೆಯಾದ ಕಪ್ಪು ಕಲ್ಲು ನನ್ನ ಚಿತ್ರಗಳಲ್ಲಿ ಬೂದಿ ಬಳಿದಂತೆ ಬಂದಿತ್ತು. ಎದುರಿಗಿರುವುದು ಕಪ್ಪೋ ಬಿಳುಪೋ ಎಂಬುದು ಕ್ಯಾಮೆರಾದ ಬೆಳಕಿನ ಮಾಪಕಕ್ಕೆ ಗೊತ್ತಾಗುವುದಿಲ್ಲ, ಎಲ್ಲವನ್ನೂ ಅದು ನಡುಬೂದು ಬಣ್ಣಕ್ಕೆ ಎಳೆಯುತ್ತದೆ, ಆದ್ದರಿಂದ ಕಪ್ಪು ಕಲ್ಲಿಗೆ ಬೆಳಕನ್ನು ಒಂದು ಸ್ಟಾಪ್, ಎಂದರೆ ಅರ್ಧಕ್ಕೆ, ಇಳಿಸಬೇಕು, ಬಿಳಿ ನೊರೆಗೆ ಏರಿಸಬೇಕು ಎಂಬುದನ್ನು ಹಿಸ್ಟೊಗ್ರಾಮ್ (ಚಿತ್ರದಲ್ಲಿ ಕಪ್ಪು-ಬಿಳುಪು ಎಷ್ಟೆಷ್ಟಿದೆ ಎಂಬ ನಕ್ಷೆ) ತೋರಿಸಿ ಅಲ್ಲಿಯೇ ವಿವರಿಸಿದರು. ತರಗತಿಯಲ್ಲಿ ಇದೇ ಮಾತನ್ನು ಕೇಳಿದ್ದೆ. ಕಲ್ಲಿನ ಮುಂದೆ ಮೊಣಕಾಲೂರಿ ಕುಳಿತಾಗ ಅರ್ಥವಾಯಿತು.

ಎರಡನೆಯ ಸಂಚಾರ ಕಾರವಾರದ ರವೀಂದ್ರನಾಥ ಟಾಗೋರ್ ಕಡಲತೀರಕ್ಕೆ. ನೌಕಾನೆಲೆಯ ಗಡಿಯೊಳಗೆ ಚಿತ್ರ ತೆಗೆಯುವುದು ನಿಷಿದ್ಧವೆಂದು ಹೊರಡುವ ಮೊದಲೇ ಸ್ಪಷ್ಟವಾಗಿ ತಿಳಿಸಿದ್ದು ಮೆಚ್ಚತಕ್ಕ ಸಂಗತಿ. ಬೆಳಿಗ್ಗೆ ಮೀನುಗಾರರು ರಂಪಣಿ, ಎಂದರೆ ದಡದಲ್ಲಿ ನಿಂತು ಹಲವರು ಸೇರಿ ಎಳೆಯುವ ದೊಡ್ಡ ಬಲೆ, ಎಳೆಯುತ್ತಿದ್ದರು. ನಮ್ಮ ಕರಾವಳಿಯಲ್ಲಿ ಸೂರ್ಯ ಗುಡ್ಡದ ಹಿಂದಿನಿಂದ ಬರುವುದರಿಂದ, ಕಡಲಿಗೆ ಮುಖ ಮಾಡಿ ಹಗ್ಗ ಜಗ್ಗುವವರ ಬೆನ್ನ ಮೇಲೆ ಬಿಸಿಲಿರುತ್ತದೆ, ಮುಖ ನೆರಳಿನಲ್ಲಿ ಉಳಿಯುತ್ತದೆ. ಎಲ್ಲಿ ನಿಂತರೆ ಬೆಳಕು ಕೆನ್ನೆಯ ಅಂಚನ್ನಾದರೂ ಮುಟ್ಟುತ್ತದೆ ಎಂದು ಹುಡುಕುತ್ತ ಅರ್ಧ ತಾಸು ಮರಳಿನಲ್ಲಿ ಓಡಾಡಿದೆವು. ಹಿರಿಯ ಮೀನುಗಾರರೊಬ್ಬರು ನಮ್ಮನ್ನು ನೋಡಿ, "ಫೋಟೋ ಎಲ್ಲೂ ಓಡಿ ಹೋಗೂದಿಲ್ಲ, ಮೊದ್ಲು ಹಗ್ಗ ಹಿಡೀರಿ" ಎಂದರು. ಹಿಡಿದೆವು. ಆಮೇಲೆ ತೆಗೆದ ಚಿತ್ರಗಳಲ್ಲಿ ಯಾರೂ ಕ್ಯಾಮೆರಾದತ್ತ ಬಿಗಿದ ಮುಖದಿಂದ ನೋಡುತ್ತಿರಲಿಲ್ಲ.

ಮೂರನೆಯದಾದ ಉಂಚಳ್ಳಿ ಜಲಪಾತದ ಸಂಚಾರ ಕೆಟ್ಟಿತು, ಮತ್ತು ಅದರ ಹೊಣೆ ಪೂರ್ತಿಯಾಗಿ ಸಂಘಟಕರದ್ದು. ಅಘನಾಶಿನಿ 116 ಮೀಟರ್ ಕೆಳಕ್ಕೆ ಧುಮುಕುವ ಆ ಸ್ಥಳಕ್ಕೆ ನಮ್ಮನ್ನು ಕರೆದೊಯ್ದದ್ದು ನೆತ್ತಿಯ ಮೇಲೆ ಬಿಸಿಲು ಸುರಿಯುವ ಹನ್ನೊಂದೂವರೆಗೆ. ಹದಿನೆಂಟು ಜನ, ಹದಿನಾಲ್ಕು ಟ್ರೈಪಾಡ್. ಒಬ್ಬರ ಕಾಲು ಇನ್ನೊಬ್ಬರ ಟ್ರೈಪಾಡಿಗೆ ತಾಗುತ್ತಿತ್ತು. ನೀರು ರೇಷ್ಮೆಯ ಹಾಗೆ ಕಾಣಬೇಕಾದರೆ ಶಟರ್ ಕಾಲು ಸೆಕೆಂಡಾದರೂ ತೆರೆದಿರಬೇಕು. ಆ ಬಿಸಿಲಿನಲ್ಲಿ ಐಎಸ್‌ಒ 100 ಇಟ್ಟು, ಅಪರ್ಚರನ್ನು ಎಫ್/22ರವರೆಗೆ ಕಿರಿದಾಗಿಸಿದರೂ ಸಿಕ್ಕಿದ್ದು 1/50 ಸೆಕೆಂಡ್ ಮಾತ್ರ, ಅಷ್ಟು ಕಿರಿದಾಗಿಸಿದ್ದರಿಂದ ಚಿತ್ರದ ಹರಿತವೂ ಹೋಯಿತು. ಆರು ಸ್ಟಾಪ್‌ನ ಎನ್‌ಡಿ ಫಿಲ್ಟರ್ (ಲೆನ್ಸಿನ ಮುಂದೆ ಹಾಕಿ ಬೆಳಕು ತಗ್ಗಿಸುವ ಗಾಜು) ಇದ್ದಿದ್ದರೆ ಅದೇ ಬೆಳಕಿನಲ್ಲಿ ಸುಮಾರು ಒಂದೂಕಾಲು ಸೆಕೆಂಡ್ ಸಿಗುತ್ತಿತ್ತು. ತರಬೇಕಾದ ಸಾಮಾನಿನ ಪಟ್ಟಿಯಲ್ಲಿ ಟೋಪಿ, ಉಂಬಳಕ್ಕೆ ಉಪ್ಪು, ನೀರಿನ ಬಾಟಲಿ ಎಲ್ಲವೂ ಇದ್ದವು, ಫಿಲ್ಟರ್ ಇರಲಿಲ್ಲ. ವಿಚಾರಿಸಿದಾಗ ಬಸ್ಸು ತಡವಾಯಿತೆಂಬ ಉತ್ತರ ಬಂತು. ಬಸ್ಸು ಗೊತ್ತುಮಾಡಿದವರೂ ಅವರೇ.

ಕೊನೆಯ ದಿನದ ಚಿತ್ರವಿಮರ್ಶೆ ಈ ನಷ್ಟವನ್ನು ಬಹುಮಟ್ಟಿಗೆ ತುಂಬಿಕೊಟ್ಟಿತು. ಪ್ರತಿಯೊಬ್ಬರೂ ಐದೇ ಚಿತ್ರಗಳನ್ನು ಅಚ್ಚು ಹಾಕಿಸಿ ತರಬೇಕು, ಉಳಿದವನ್ನು ಏಕೆ ಬಿಟ್ಟೆವೆಂದು ಹೇಳಬೇಕು ಎಂಬುದು ನಿಯಮ. ನಾನು ಬಹಳ ಹೆಮ್ಮೆಯಿಂದ ಇಟ್ಟ ನಂದಿಯ ಚಿತ್ರದ ಮೇಲ್ಭಾಗವನ್ನು ಶಿಕ್ಷಕರು ಅಂಗೈಯಿಂದ ಮುಚ್ಚಿ, "ಈ ಬಿಳಿ ಆಕಾಶಕ್ಕೆ ಇಲ್ಲೇನು ಕೆಲಸ?" ಎಂದು ಕೇಳಿದರು. ಕೈ ಮುಚ್ಚಿದ್ದಾಗ ನಂದಿ ಎದ್ದು ಕಂಡಿತು, ತೆಗೆದ ಕೂಡಲೇ ಕಣ್ಣು ಆಕಾಶಕ್ಕೆ ಹೋಯಿತು. ಒಬ್ಬೊಬ್ಬರಿಗೂ ಇಪ್ಪತ್ತು ನಿಮಿಷದಂತೆ ಸಂಜೆ ಏಳರವರೆಗೆ ಕುಳಿತರು, ಚಹಾ ಬಂದಾಗಲೂ ಏಳಲಿಲ್ಲ.

ಕ್ಯಾಮೆರಾ ಹೊಸದಾಗಿ ಕೊಂಡವರು ಈ ಶಿಬಿರಕ್ಕೆ ಧಾರಾಳವಾಗಿ ಸೇರಬಹುದು. ಆದರೆ ಹಣ ಕಟ್ಟುವ ಮೊದಲು ತಂಡದಲ್ಲಿ ಎಷ್ಟು ಜನ, ಪ್ರತಿ ಜಾಗಕ್ಕೆ ಎಷ್ಟು ಗಂಟೆಗೆ ತಲುಪುತ್ತಾರೆ ಎಂಬ ಎರಡನ್ನು ಕೇಳಿಕೊಳ್ಳಿ. ಮೂಲಪಾಠ ಗೊತ್ತಿದ್ದವರಿಗೆ ಹೊರಸಂಚಾರ ಮತ್ತು ವಿಮರ್ಶೆಗಷ್ಟೇ ಪ್ರವೇಶ ಕೊಡಿರೆಂದು ನಾನು ಕೇಳಿ ನೋಡಿದೆ. ಸದ್ಯಕ್ಕೆ ಅಂಥ ವ್ಯವಸ್ಥೆ ಇಲ್ಲ, ಬರಲಿ ಬಿಡಲಿ ಪೂರ್ತಿ ಶುಲ್ಕ ಕಟ್ಟಬೇಕು ಎಂದರು.